ಬಲಕ್ಕೆ ಬೆಟ್ಟ, ಎಡಕ್ಕೆ ಗೆಳತಿ

ಮೊದಲಿಗೆ ನಮಸ್ಕಾರಗಳು. ಇನ್ನೊಂದು ಬೆಳಗನ್ನು ಕಣ್ಣಿಗೆ ತೋರಿಸುವ ಸೂರ್ಯನಾರಾಯಣನಿಗೆ; ಹಾಸಿಗೆಯಿಂದ ಏಳುವಾಗ ಪಾದ ಸೋಕಿಸುತ್ತೇನೆಂದು ನಿತ್ಯವೂ ಕ್ಷಮೆ ಕೇಳಿಸಿಕೊಂಡು, ಈಚೆಗೆ ಅದೇ ಪಾದಗಳ ಧಪಧಪ ಸದ್ದನ್ನೂ ಸಹಿಸುತ್ತಿರುವ ಭೂದೇವಿಗೆ; ಉಸಿರನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕೆಂಬುದನ್ನು ಶ್ಲೋಕದ ನೆಪದಲ್ಲಿ ಕಲಿಸಿದ ನನ್ನ ತಂದೆಗೆ; ನಮ್ಮೂರಿನ ಯಾವ ಬೀದಿಯ ತುದಿಯಲ್ಲಿ ನಿಂತರೂ ಕಾಣುವ ನಂದಿಬೆಟ್ಟಕ್ಕೆ; ಕೊನೆಗೆ, ಈ ವಯಸ್ಸಿನಲ್ಲಿಯೂ ನನ್ನ ಮಾತು ಕೇಳುತ್ತಿರುವ ಎರಡು ಮಂಡಿಗಳಿಗೆ. ಇಷ್ಟು ಋಣವನ್ನು ನೆನೆಯದೆ ಓಟದ ಸಂಗತಿ ಬರೆಯಲು ತೊಡಗಿದರೆ ಅದು ಕೃತಘ್ನತೆಯಾದೀತು.

ನನ್ನನ್ನು ನಾನು ಓಟಗಾರ್ತಿ ಎಂದು ಕರೆದುಕೊಳ್ಳಲು ಈಗಲೂ ಸಂಕೋಚವಾಗುತ್ತದೆ. ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ಬಹುಕಾಲ ಸಂಸ್ಕೃತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ರಕ್ತದಲ್ಲಿ ಸಕ್ಕರೆ ಹೆಚ್ಚುತ್ತಿದೆ, ದಿನವೂ ನಡೆಯಿರಿ ಎಂದು ವೈದ್ಯರು ಹೇಳಿದ ಮೇಲೆ ಮುಂಜಾನೆ ಕಂದವಾರ ಕೆರೆಯ ಏರಿಯ ಮೇಲೆ ನಡೆಯತೊಡಗಿದೆ. ಜೊತೆಗೆ ಬಂದವಳು ನಮ್ಮ ಶಾಲೆಯಲ್ಲಿಯೇ ಗಣಿತ ಹೇಳಿಕೊಡುತ್ತಿದ್ದ ಗೆಳತಿ. ನನಗಿಂತ ಕೆಲವು ವರ್ಷ ಚಿಕ್ಕವಳು. ಆಕೆಯ ತವರು ಶಿಡ್ಲಘಟ್ಟ. ಅಲ್ಲಿ ಅಣ್ಣತಮ್ಮಂದಿರು ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದಾರೆ. ಮದುವೆಯಾಗಿ ಬಂದ ಮನೆ ನಮ್ಮ ಬೀದಿಯ ಹಿಂದಿನದು. ಪತಿ ಬದುಕಿದ್ದಾಗ ಇಬ್ಬರೂ ಹಜ್ ಯಾತ್ರೆ ಮುಗಿಸಿ ಬಂದಿದ್ದರು. ಆಗ ನನಗೆಂದು ಖರ್ಜೂರದ ಡಬ್ಬವೊಂದನ್ನು ತಂದುಕೊಟ್ಟಿದ್ದಳು. ಅದನ್ನು ದೇವರ ಮುಂದಿಟ್ಟು ಆಮೇಲೆ ತಿಂದೆವು.

ನಡಿಗೆ ಓಟವಾದದ್ದು ಚಳಿಯಿಂದ. ಮಾರ್ಗಶಿರದ ಒಂದು ಮುಂಜಾನೆ ಕೆರೆಯ ಮೇಲೆ ಮಂಜು ಕವಿದು, ಕೈ ಕೊರೆಯುತ್ತಿದ್ದಾಗ, ಮೈ ಬೆಚ್ಚಗಾಗಲೆಂದು ಬೇಗ ಬೇಗ ಹೆಜ್ಜೆಯಿಟ್ಟೆವು; ಆ ಹೆಜ್ಜೆ ನಮಗೆ ತಿಳಿಯದೆಯೇ ಓಟವಾಯಿತು. ಏರಿಯ ಕೊನೆ ತಲುಪಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರುದಿನವೂ ಓಡಿದೆವು. ಓಡುವಾಗ ನಾನು ಮನಸ್ಸಿನಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಿದ್ದೆ. ಶ್ಲೋಕದ ಒಂದು ಪಾದದ ನಡುವೆ ಉಸಿರು ಕಟ್ಟಿತೆಂದರೆ ವೇಗ ಹೆಚ್ಚಾಯಿತೆಂದು ಅರ್ಥ, ಕೂಡಲೇ ನಿಧಾನಿಸುತ್ತಿದ್ದೆ. ಆಕೆ ಬೆರಳ ಗಿಣ್ಣುಗಳ ಮೇಲೆ ದೇವರ ನಾಮ ಎಣಿಸಿಕೊಂಡು ಓಡುತ್ತಿದ್ದಳು. ಹೀಗಾಗಿ ನಮ್ಮಿಬ್ಬರಿಗೂ ಅವಸರವೆಂಬುದೇ ಇರಲಿಲ್ಲ.

ಎಷ್ಟು ನಿಧಾನವೆಂಬುದನ್ನು ನಮ್ಮ ಯಜಮಾನರು ಮನೆಯ ಜಗುಲಿಯಿಂದಲೇ ಅಳೆದು ಹೇಳುತ್ತಿದ್ದರು.

“ನೀನು ಗೇಟು ದಾಟಿದ ಮೇಲೆ ಕಾಫಿ ಬೆರೆಸ್ಕೊಂಡೆ, ಕುಡಿದೆ, ಲೋಟಾನೂ ತೊಳೆದಿಟ್ಟೆ. ಬಂದು ನೋಡ್ತೀನಿ, ಇನ್ನೂ ಬೀದಿ ತುದೀಲೇ ಇದೀಯ ಕಣೇ.”

“ಲೋಟ ತೊಳೆಯೋದು ಕಲಿತ್ರಲ್ಲ, ನನ್ನ ಓಟದಿಂದ ಅಷ್ಟಾದ್ರೂ ಆಯ್ತು,” ಎನ್ನುತ್ತಿದ್ದೆ.

ಒಂದು ವರ್ಷ ಹೀಗೆ ಕಳೆದ ಮೇಲೆ ಗೌರಿಬಿದನೂರಿನಲ್ಲಿ ಹತ್ತು ಕಿಲೋಮೀಟರಿನ ಓಟವೊಂದಿದೆಯೆಂದು ಕೇಳಿ, ಕುತೂಹಲಕ್ಕಾಗಿ ಇಬ್ಬರೂ ಹೋದೆವು. ನಮ್ಮ ಹಿಂದೆ ಯಾರೂ ಇರಲಿಲ್ಲ. ಅರ್ಧ ದಾರಿಯ ನಂತರ ನಮ್ಮ ಮುಂದೆಯೂ ಯಾರೂ ಕಾಣಲಿಲ್ಲ. ಕೊನೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಬಟ್ಟೆಯ ಕಮಾನನ್ನು ಬಿಚ್ಚುತ್ತಿದ್ದರು. ಒಂದು ಕಂಬ ಆಗಲೇ ನೆಲದ ಮೇಲೆ ಮಲಗಿತ್ತು. ನಮ್ಮನ್ನು ಕಂಡ ಪೆಂಡಾಲಿನ ಕೆಲಸಗಾರನೊಬ್ಬ ಜೊತೆಯವನಿಗೆ ಕೂಗಿ ಹೇಳಿದ:

“ಪಟ್ಕೋರಾ, ಹಿಡ್ಕೋ, ಎತ್ತು ಎತ್ತು. ಅಮ್ಮಗಾರು ಬರ್ತಾವ್ರೆ ನೋಡು.”

ಇಬ್ಬರೂ ಆ ಕಂಬವನ್ನು ಎತ್ತಿ ಹೆಗಲಿಗೆ ಆನಿಸಿ ನಿಂತರು. ಬಾಗಿದ ಆ ಕಮಾನಿನ ಕೆಳಗೆ ನಾವು ತಲೆ ತಗ್ಗಿಸಿಕೊಂಡು ಓಡಿದೆವು. ದೇವಾಲಯದ ಚಿಕ್ಕ ಬಾಗಿಲನ್ನು ದಾಟುವಾಗಲೂ ಹಾಗೆಯೇ ತಲೆ ತಗ್ಗಿಸುತ್ತೇವಲ್ಲ. ನನಗೇನೂ ಅವಮಾನವೆನಿಸಲಿಲ್ಲ. ಓಡಿದವರಿಗೆಂದು ಮಾಡಿದ್ದ ಉಪ್ಪಿಟ್ಟು ಮಾತ್ರ ತಳ ಹಿಡಿದದ್ದು ಉಳಿದಿತ್ತು.

ವಾಪಸು ಬರುವ ಬಸ್ಸಿನಲ್ಲಿ ಗೆಳತಿ ಕಿಟಕಿಯ ಹೊರಗೆ ನೋಡುತ್ತ ಮಾತು ತೆಗೆದಳು.

“ಅಕ್ಕ, ಒಂದು ವಿಷ್ಯ ಹೇಳ್ತೀನಿ, ಬೈಬೇಡಿ.”

“ಬೈಯೋ ವಿಷಯ ಆದ್ರೆ ಬೈತೀನಿ. ಹೇಳು.”

“ಈ ಸಲ ಚಳಿಗಾಲಕ್ಕೆ ನಮ್ಮೂರಿಂದ ಚಿಂತಾಮಣಿಗೆ ಮ್ಯಾರಥಾನ್ ಇಡ್ತಾರಂತೆ. ಪೂರ್ತಿದು. ಶಿಡ್ಲಘಟ್ಟದ ಮೇಲೇ ಹೋಗ್ತದಂತೆ.”

“ಹೋಗ್ಲಿ ಬಿಡು. ಬಸ್ಸಲ್ಲಿ ಹೋಗಿ ನೋಡ್ಕೊಂಡು ಬರಣ.”

“ನೋಡಕ್ಕಲ್ಲ ಅಕ್ಕ. ಓಡಕ್ಕೆ.”

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆಕೆ ತನ್ನ ತಾಯಿಯ ಮಾತನ್ನೆತ್ತಿದಳು. ಶಿಡ್ಲಘಟ್ಟದಲ್ಲಿ ಅವರ ಮನೆ ಆ ರಸ್ತೆಗೇ ಇದೆ. ಚಿಕ್ಕಂದಿನಲ್ಲಿ ಈಕೆ ಬಾಗಿಲು ದಾಟಿ ಓಡಿದಳೆಂದರೆ ತಾಯಿ ಸೌಟು ಹಿಡಿದೇ ಹೊರಗೆ ಬರುತ್ತಿದ್ದರಂತೆ.

“‘ದೌಡೋ ನಕ್ಕೋ’ ಅಂತ ಒಂದೇ ಮಾತು. ಓಡ್ಬೇಡ, ಓಡ್ಬೇಡ. ಈಗ ಅಮ್ಮಿಗೆ ಕಣ್ಣು ಅಷ್ಟು ಸರಿಯಾಗಿ ಕಾಣಲ್ಲ. ಬೆಳಿಗ್ಗೆ ಬಾಗ್ಲಲ್ಲಿ ಕುರ್ಚಿ ಹಾಕಿ ಕೂರಿಸ್ತಾರೆ. ಅವ್ರ ಎದುರಿಗೆ ಒಂದ್ಸಲ ಓಡ್ಕೊಂಡು ಹೋಗ್ಬೇಕು ಅಕ್ಕ. ಬೈಯಲಿ. ಆದ್ರೆ ನೋಡ್ಲಿ.”

“ಹಾಗಿದ್ರೆ ನೀನು ಓಡು. ಬೇಡ ಅಂದೋರ್ಯಾರು?”

“ಒಬ್ಳೇ ಆದ್ರೆ ಅರ್ಧದಲ್ಲಿ ಆಟೋ ಹತ್ತಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ? ನೀವು ಪಕ್ಕದಲ್ಲಿದ್ರೆ ನಾಚಿಕೆಗಾದ್ರೂ ಓಡ್ತೀನಿ. ನೀವು ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ.”

ಹೀಗೆ ಆಕೆಯ ಆಸೆ ನನ್ನ ಒಂದು ಮಾತಿನ ಮೇಲೆ ನಿಂತಿತು.

ಆ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವಂತಿರಲಿಲ್ಲ. ಓಡಲು ಒಪ್ಪುವುದೆಂದರೆ ನನ್ನ ಮಟ್ಟಿಗೆ ಸಂಕಲ್ಪ ಮಾಡಿದಂತೆ. ಚಿಕ್ಕ ವ್ರತವನ್ನೇ ಹಿಡಿಯಲಿ, ಇಂಥ ದೇಶದಲ್ಲಿ, ಇಂಥ ಕಾಲದಲ್ಲಿ, ಇಂಥವಳು ಇದನ್ನು ಮಾಡುತ್ತೇನೆ ಎಂದು ಕೈಯಲ್ಲಿ ನೀರು ಹಿಡಿದು ಹೇಳಿದ ಮೇಲೆ ಅದನ್ನು ಮುಗಿಸಲೇಬೇಕೆಂಬುದು ನಾನು ಬೆಳೆದ ಮನೆಯ ಶಿಸ್ತು. ಇಲ್ಲಿಯವರೆಗೆ ಹಿಡಿದ ಯಾವ ವ್ರತವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಆದರೆ ನಮ್ಮಂಥ ನಿಧಾನದವರನ್ನು ಆ ಓಟದಲ್ಲಿ ಹೊತ್ತು ಮೀರಿತೆಂದು ನಡುದಾರಿಯಲ್ಲಿಯೇ ವ್ಯಾನಿಗೆ ಹತ್ತಿಸುತ್ತಾರೆಂದು ಕೇಳಿದ್ದೆ. ವ್ಯಾನಿನಲ್ಲಿ ಮುಗಿಯುವ ಸಂಕಲ್ಪಕ್ಕೆ ಯಾವ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹುಡುಕಲಿ?

ಸಲಹೆ ಕೇಳಲು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರ ಬಳಿಗೆ ಹೋದೆವು. ಅವರು ಮುಂಜಾನೆ ಹೊತ್ತು ಊರ ಕ್ರೀಡಾಂಗಣದಲ್ಲಿ ಓಟ ಕಲಿಸುತ್ತಾರೆ. ನಮ್ಮ ಮಾತನ್ನು ನಗದೆ ಕೇಳಿದರು. ಅದಕ್ಕೇ ಅವರ ಮೇಲೆ ನನಗೆ ಗೌರವ.

“ಟೀಚರಮ್ಮ, ಸುಳ್ಳು ಹೇಳಲ್ಲ. ಈಗಿರೋ ಸ್ಪೀಡಲ್ಲಿ ನೀವು ಚಿಂತಾಮಣಿ ಸೇರೋ ಹೊತ್ಗೆ ಎಲ್ಲಾ ಮುಚ್ಕೊಂಡು ಮನೆಗೆ ಹೋಗಿರ್ತಾರೆ. ಆದ್ರೆ ಮಧ್ಯೆ ಇನ್ನೂ ಎಷ್ಟೋ ತಿಂಗ್ಳಿದೆ. ಕ್ರಮವಾಗಿ ಅಭ್ಯಾಸ ಮಾಡಿದ್ರೆ ಆಗ್ಬೋದು. ಆಗ್ದೇನೂ ಇರ್ಬೋದು. ನಾಳೆ ಬಂದು ಟ್ರ್ಯಾಕ್ ಮೇಲೆ ಒಂದು ಗಂಟೆ ನಿಲ್ದೆ ಓಡಿ. ನೋಡಿ ಹೇಳ್ತೀನಿ.”

ಮರುದಿನ ಇಬ್ಬರೂ ಸ್ನಾನ ಮಾಡಿಕೊಂಡೇ ಹೋದೆವು. ಮೇಷ್ಟ್ರು ಸೀಟಿ ಊದಿದರು. ನಾನು ಸ್ತೋತ್ರ ಆರಂಭಿಸಿ ಹೊರಟೆ. ಸ್ವಲ್ಪ ದೂರ ಹೋಗಿ ನೋಡಿದರೆ ಪಕ್ಕದಲ್ಲಿ ಗೆಳತಿ ಇಲ್ಲ. ಹಿಂದೆ ಉಳಿದಳೇನೋ ಎಂದುಕೊಂಡೆ. ಎದುರಿನಿಂದ ಕಟ್ಟುಮಸ್ತಾದ ಹುಡುಗಿಯರ ಗುಂಪೊಂದು ಓಡಿಬಂದು, ನನ್ನನ್ನು ಕಂಡು ಎರಡು ಪಾಲಾಗಿ, ನನ್ನ ಎರಡೂ ಪಕ್ಕದಿಂದ ಹಾದುಹೋಯಿತು. ಅವರ ಹಿಂದೆ ಎದುರಿನಿಂದಲೇ ನನ್ನ ಗೆಳತಿಯೂ ಬಂದಳು.

“ಸಲಾಂ ಅಕ್ಕ,” ಎಂದು ಹೇಳಿ ಮುಂದೆ ಹೋದಳು.

ಇನ್ನರ್ಧ ಸುತ್ತಿಗೆ ಮತ್ತೆ ಎದುರಾದಳು. “ಮತ್ತೆ ಸಲಾಂ ಅಕ್ಕ,” ಎಂದಳು. ಮೂರನೆಯ ಸಲ ನಗುವಿನಲ್ಲಿ ಆಕೆಗೆ ಮಾತೇ ಹೊರಡಲಿಲ್ಲ. ಕೈಯನ್ನು ಮಾತ್ರ ಹಣೆಗೆ ಮುಟ್ಟಿಸಿದಳು. ಅಷ್ಟರಲ್ಲಿ ಮೇಷ್ಟ್ರು ಟ್ರ್ಯಾಕಿಗೆ ಇಳಿದು ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

“ಟೀಚರಮ್ಮ, ನೀವು ಉಲ್ಟಾ ಓಡ್ತಾ ಇದೀರಿ.”

“ನಾನು ಸರಿಯಾಗೇ ಓಡ್ತಿದೀನಿ. ಇವರೆಲ್ಲ ಯಾಕೆ ಅಪ್ರದಕ್ಷಿಣೆ ಹಾಕ್ತಿದಾರೆ ಅಂತ ನಾನೇ ಕೇಳ್ಬೇಕು ಅಂತಿದ್ದೆ.”

“ಎಲ್ಲಾ ದೇಶದಲ್ಲೂ ಟ್ರ್ಯಾಕ್ ಹಿಂಗೇ ಅಮ್ಮ. ಮಧ್ಯದ ಮೈದಾನ ಎಡಗೈ ಕಡೆ ಇರ್ಬೇಕು.”

ಆಗ ನನಗೆ ಅರಿವಾಯಿತು. ನಾನು ಯೋಚಿಸಿ ದಿಕ್ಕು ಹಿಡಿದಿರಲಿಲ್ಲ. ಪಾದಗಳು ತಾವಾಗಿ ಹಿಡಿದಿದ್ದವು. ತುಳಸಿಕಟ್ಟೆ, ಅಶ್ವತ್ಥಕಟ್ಟೆ, ಗರ್ಭಗುಡಿ, ಹೋಮದ ಅಗ್ನಿ, ಯಾವುದನ್ನೇ ಸುತ್ತಲಿ, ಬಲಕ್ಕೆ ಇಟ್ಟುಕೊಂಡು ಸುತ್ತಿದ ಪಾದಗಳು ಅವು. ಹುಟ್ಟಿದಾಗಿನಿಂದ ಬಿದ್ದ ಆ ಜಾಡನ್ನು ಒಂದು ಸೀಟಿಯ ಸದ್ದು ಬದಲಾಯಿಸುವುದಾದರೂ ಹೇಗೆ?

ಮೇಷ್ಟ್ರ ಮಾತಿಗೆ ಬೆಲೆ ಕೊಟ್ಟು ತಿರುಗಿ ಓಡಲು ಯತ್ನಿಸಿದೆ. ಮೊದಲ ತಿರುವಿನಲ್ಲಿಯೇ ಹೆಜ್ಜೆ ನಿಧಾನವಾಯಿತು. ಎಡಕ್ಕಿಟ್ಟುಕೊಂಡು ಸುತ್ತುವುದನ್ನು ನಾನು ಕಂಡಿದ್ದದ್ದು ಒಂದೇ ಕಡೆ. ತಾಯಿಯ ಚಿತೆಯನ್ನು ನನ್ನ ಅಣ್ಣ ಹೆಗಲ ಮೇಲೆ ನೀರಿನ ಕೊಡ ಹೊತ್ತು ಹಾಗೆ ಸುತ್ತಿದ್ದ. ಸ್ತೋತ್ರ ನಾಲಿಗೆಗೆ ಬರಲಿಲ್ಲ. ಸುತ್ತು ಮುಗಿಯುವ ಮೊದಲೇ ನಿಂತು, ಹುಲ್ಲಿನ ಮೇಲೆ ಕುಳಿತೆ.

ಗೆಳತಿಯೂ ಬಂದು ಪಕ್ಕದಲ್ಲಿ ಕುಳಿತಳು.

“ನನ್ನ ಕೈಲಾಗಲ್ಲ ಕಣಮ್ಮ,” ಎಂದೆ. “ಆ ಕಡೆಯಿಂದ ಸುತ್ತೋದು ನಮ್ಮಲ್ಲಿ ಅಶುಭ. ಈ ಅಭ್ಯಾಸ ನನಗಲ್ಲ.”

ಆಕೆ ಏನೋ ಹೇಳಲು ಹೊರಟು, ಹೇಳದೆ, ಶೂವಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. “ಆಯ್ತು ಅಕ್ಕ, ಬಿಡಿ,” ಎಂದಳು. ಮುಂದಿನ ದಿನಗಳಲ್ಲಿ ಕೆರೆಯ ಏರಿಯ ಮೇಲೆ ಎಂದಿನಂತೆ ಸೇರಿದೆವು; ದ್ರಾಕ್ಷಿಗೆ ಬಿದ್ದ ರೋಗ, ಸೊಪ್ಪಿನ ಬೆಲೆ, ಹಳೆಯ ವಿದ್ಯಾರ್ಥಿನಿಯರ ಮದುವೆ, ಎಲ್ಲವನ್ನೂ ಮಾತಾಡಿದೆವು. ಮ್ಯಾರಥಾನ್ ಎಂಬ ಪದವನ್ನು ಆಕೆ ಮತ್ತೆ ಎತ್ತಲಿಲ್ಲ. ಬೈಗುಳಕ್ಕಿಂತ ಆ ಮೌನವೇ ನನ್ನನ್ನು ಹೆಚ್ಚು ಕಾಡಿತು.

ಮನೆಯಲ್ಲಿ ಯಜಮಾನರು ಗೆಳತಿಯ ಪರವಾಗಿ ವಾದ ಹೂಡಿದರು.

“ಮಧ್ಯದಲ್ಲಿ ದೇವರಿದ್ರೆ ತಾನೇ ಪ್ರದಕ್ಷಿಣೆ, ಅಪ್ರದಕ್ಷಿಣೆ? ಅಲ್ಲಿರೋದು ಲಾಂಗ್ ಜಂಪಿನ ಮರಳು ಗುಂಡಿ ಕಣೇ.”

“ದೇವರಿಲ್ಲದ ಜಾಗ ಯಾವುದು, ತೋರಿಸಿ ನೋಡಣ.”

ಅವರು ಎದ್ದು ಅಡುಗೆಮನೆಯತ್ತ ಹೊರಟರು. “ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಕಾಫಿ ಇದೆ, ಕುಡೀತೀಯ?” ಎಂದರು.

ಉತ್ತರ ಸಿಕ್ಕಿದ್ದು ಕೆರೆಯ ಏರಿಯ ಮೇಲೆ. ಒಂದು ಬೆಳಿಗ್ಗೆ ಓಟ ಮುಗಿಸಿ ತೂಬಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಗೆಳತಿ ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು, ನೀರಿನ ಕಡೆಗೆ ನೋಡುತ್ತ ಹೇಳಿದಳು:

“ಅಕ್ಕ, ಅವತ್ತೇ ಹೇಳ್ಬೇಕು ಅಂತಿದ್ದೆ. ನಿಮಗೆ ಬೇಜಾರಾಗ್ತದೇನೋ ಅಂತ ಸುಮ್ನಾದೆ. ನೀವು ಆ ಕಡೆಯಿಂದ ಸುತ್ತೋದು ಅಶುಭ ಅಂದ್ರಲ್ಲ, ಹಜ್‌ಗೆ ಹೋದಾಗ ಕಾಬಾನ ನಾವು ಆ ಕಡೆಯಿಂದಾನೇ ಸುತ್ತಿದ್ದು. ಎಡಗಡೆಗೆ ಇಟ್ಕೊಂಡೇ ಸುತ್ಬೇಕು.”

ನಾನು ಅವಳತ್ತ ತಿರುಗಿದೆ.

“ಏನು ಜನ ಅಂತೀರಿ. ನಮ್ಮೆಜಮಾನ್ರು ನನ್ನ ತೋಳಿನ ಬಟ್ಟೆ ಹಿಡ್ಕೊಂಡಿದ್ರು, ಎಲ್ಲಿ ಕಳೆದುಹೋಗ್ತೀನೋ ಅಂತ. ಏಳು ಸುತ್ತೂ ಬಿಡ್ಲಿಲ್ಲ. ‘ಎದೆ ಇರೋದೂ ಎಡಗಡೇನೇ ಅಲ್ವಾ, ಅದಕ್ಕೇ ಈ ಕಡೆ’ ಅಂತ ಅವ್ರು ಹೇಳಿದ್ರು. ಪುಸ್ತಕದಲ್ಲಿ ಹಂಗೇ ಬರ್ದಿದ್ಯೋ ಇಲ್ವೋ ನನಗೆ ಗೊತ್ತಿಲ್ಲ ಅಕ್ಕ. ಆದ್ರೆ ಅವತ್ತು ಮೈದಾನದಲ್ಲಿ ಓಡ್ತಾ ಇದ್ದಾಗ ನನಗೆ ಅದೇ ನೆನಪಾಯ್ತು. ತೋಳು ಹಿಡ್ಕೊಂಡಂಗೇ ಆಯ್ತು.”

ನನ್ನ ಪಾಲಿಗೆ ಚಿತೆಯ ನೆನಪು ತಂದ ತಿರುವು ಆಕೆಯ ಪಾಲಿಗೆ ಜೀವನದ ಅತ್ಯಂತ ಪವಿತ್ರವಾದ ದಿನವನ್ನು ತಂದುಕೊಟ್ಟಿತ್ತು. ಒಂದೇ ಮೈದಾನ, ಒಂದೇ ಬೆಳಗು. ಎದುರುಬದುರಾಗಿ ಸುತ್ತುತ್ತಿದ್ದ ನಾವಿಬ್ಬರೂ ನಮ್ಮ ನಮ್ಮ ದೇವರನ್ನೇ ಸುತ್ತುತ್ತಿದ್ದೆವು. ಅದರ ನಡುವೆ ಸಲಾಮನ್ನೂ ಹೇಳಿಕೊಂಡಿದ್ದೆವು. ನನ್ನ ತಂದೆ ಹೇಳಿಕೊಟ್ಟ ಒಂದು ಮರ್ಯಾದೆ ನೆನಪಾಯಿತು: ಯಾತ್ರೆ ಹೊರಟವರ ಜೊತೆಗೆ ಹೋಗುವಾಗ ಅವರ ದಾರಿಯಲ್ಲೇ ನಡೆಯಬೇಕು, ನಮ್ಮ ದಾರಿಗೆ ಅವರನ್ನು ಎಳೆಯಬಾರದು. ನನ್ನ ದಿಕ್ಕನ್ನು ನಾನು ಬಿಡಬೇಕಾಗಿರಲಿಲ್ಲ. ಆಕೆ ಸುತ್ತುವಾಗ ಆಕೆಯ ಜೊತೆಗಾತಿಯಾದರೆ ಸಾಕಾಗಿತ್ತು.

“ನಾಳೆ ಮೈದಾನಕ್ಕೆ ಹೋಗಣ,” ಎಂದೆ. “ಮೊದಲು ನನ್ನ ಕಡೆಯಿಂದ, ಆಮೇಲೆ ನಿನ್ನ ಕಡೆಯಿಂದ.”

“ಮೇಷ್ಟ್ರು ಬಿಡ್ತಾರಾ?”

“ಕತ್ತಲಿರುವಾಗಲೇ ಹೋದ್ರೆ ಎದುರಿಗೆ ಯಾರು ಬರ್ತಾರೆ, ಬಾ.”

ಮೇಷ್ಟ್ರು ನಮಗಿಂತ ಮೊದಲೇ ಬಂದಿದ್ದರು. ನಮ್ಮ ಒಪ್ಪಂದವನ್ನು ಕೇಳಿ ತಲೆ ಕೆರೆದುಕೊಂಡು, “ಒಂದು ಲೆಕ್ಕಕ್ಕೆ ಒಳ್ಳೇದೇ ಟೀಚರಮ್ಮ. ಯಾವಾಗ್ಲೂ ಒಂದೇ ಕಡೆ ತಿರುಗಿದ್ರೆ ಒಂದೇ ಕಾಲಿಗೆ ಭಾರ ಬೀಳ್ತದೆ. ಮಕ್ಕಳು ಬರೋಗಂಟ ನಿಮ್ಮಿಷ್ಟ. ಅವ್ರು ಬಂದ್ಮೇಲೆ ಮಾತ್ರ ಇವ್ರ ಕಡೆ,” ಎಂದು ಗೆಳತಿಯತ್ತ ಕೈ ತೋರಿಸಿದರು. ಮೊದಲು ಮೈದಾನವನ್ನು ಬಲಕ್ಕಿಟ್ಟುಕೊಂಡು ಓಡಿದೆವು. ಬೆಳಕು ಹರಿದಾಗ ತಿರುಗಿದೆವು. ಈ ಸಲ ತಿರುವಿನಲ್ಲಿ ಗೆಳತಿ ನನ್ನ ಕುರ್ತಾದ ತೋಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಸ್ತೋತ್ರ ನಾಲಿಗೆಗೆ ಬಂತು. ಗಂಟೆ ಮುಗಿದದ್ದು ತಿಳಿಯಲಿಲ್ಲ.

“ಅಭ್ಯಾಸ ಶುರು ಮಾಡ್ಬೋದು,” ಎಂದರು ಮೇಷ್ಟ್ರು. “ಆದ್ರೆ ಮಾಡ್ತೀವಿ ಅಂತ ನೀವು ಗಟ್ಟಿಯಾಗಿ ಹೇಳ್ಬೇಕು. ಅರ್ಧ ಮನಸ್ಸಲ್ಲಿ ಮಾಡಿದ್ರೆ ಮಂಡಿ ಹೋಗ್ತದೆ, ಅಷ್ಟೇ.”

ಗಟ್ಟಿಯಾಗಿ ಹೇಳುವ ಆ ಮಾತೇ ಇನ್ನೂ ನನ್ನ ಬಾಯಲ್ಲಿ ಉಳಿದಿತ್ತು. ವ್ಯಾನಿನ ಹೆದರಿಕೆ ಹೋಗಿರಲಿಲ್ಲ.

ಆಷಾಢ ಬಂತು. ಆಷಾಢದ ಸೋಮವಾರ ನಂದಿಬೆಟ್ಟಕ್ಕೆ ಪ್ರದಕ್ಷಿಣೆ ಹಾಕುವ ಪದ್ಧತಿ ನಮ್ಮ ಕಡೆ ಇದೆ. ನಂದಿ ಗ್ರಾಮದ ಭೋಗನಂದೀಶ್ವರನಿಗೆ ಕೈಮುಗಿದು ಹೊರಟು, ಇಡೀ ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಹಳ್ಳಿಗಳ ರಸ್ತೆಯಲ್ಲಿ ಸುತ್ತಿ, ಮತ್ತೆ ಅಲ್ಲಿಗೇ ಬಂದು ಸೇರುವುದು. ನಾನು ಪ್ರತಿ ವರ್ಷ ನಡೆದು ಸುತ್ತುತ್ತಿದ್ದೆ. ಈ ವರ್ಷ ಗೆಳತಿಯನ್ನು ಕೇಳಿದೆ: “ನಿನ್ನ ಕಡೆಯಿಂದ ಮೈದಾನ ಸುತ್ತಿದೆ. ನನ್ನ ಕಡೆಯಿಂದ ಬೆಟ್ಟ ಸುತ್ತಕ್ಕೆ ಬರ್ತೀಯ?”

“ಇಷ್ಟು ದಿನ ಯಾಕೆ ಕರೀಲಿಲ್ಲ ಅಂತ ನಾನೇ ಕೇಳ್ಬೇಕು,” ಎಂದಳು.

ಆ ದಿನ ನನ್ನ ಬಲಕ್ಕೆ ಬೆಟ್ಟ, ಎಡಕ್ಕೆ ಗೆಳತಿ. ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು. ದ್ರಾಕ್ಷಿಯ ಚಪ್ಪರಗಳ ಪಕ್ಕದಲ್ಲಿ, ರಾಗಿಗೆ ಉಳುತ್ತಿದ್ದ ಹೊಲಗಳ ಪಕ್ಕದಲ್ಲಿ ಓಡಿದೆವು. ಓಡಿದೆವು ಎನ್ನುವುದು ನಮ್ಮ ಅಭಿಪ್ರಾಯ. ಬರಿಗಾಲಲ್ಲಿ ಬಿರಬಿರನೆ ನಡೆದು ಬರುತ್ತಿದ್ದ ಭಕ್ತರೊಬ್ಬರು ನಮ್ಮನ್ನು ದಾಟಿ, ತಿರುಗಿ ನೋಡಿ, ಸಂಕೋಚದಿಂದ ಸ್ವಲ್ಪ ನಿಧಾನಿಸಿದರು. ಒಂದು ಹಳ್ಳಿಯಲ್ಲಿ ಮಜ್ಜಿಗೆ ಹಂಚುತ್ತಿದ್ದ ಅಜ್ಜಿ ನಮ್ಮನ್ನು ತಡೆದು ನಿಲ್ಲಿಸಿ ಲೋಟ ಕೊಟ್ಟರು.

“ಯಾಕ್ರಮ್ಮ ಹಿಂಗೆ ಓಡ್ತೀರ? ಬೆಟ್ಟ ಎಲ್ಲಿಗೂ ಹೋಗಲ್ಲ. ನಿಧಾನಕ್ಕೆ ಸುತ್ರಿ.”

“ಇದಕ್ಕಿಂತ ನಿಧಾನ ನಮಗೆ ಬರಲ್ಲ ಅಜ್ಜಿ,” ಎಂದಳು ಗೆಳತಿ. ಅಜ್ಜಿ ನಕ್ಕ ರಭಸಕ್ಕೆ ಮಜ್ಜಿಗೆಯ ಕೊಳಗವೇ ಅಲುಗಿತು.

ಸುತ್ತು ಮುಗಿಸಿ ನಂದಿಗೆ ಬಂದು, ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಕಾಲು ಚಾಚಿದೆವು. ಕಾಲು ನೋಯುತ್ತಿತ್ತು, ಮಂಡಿ ನೋಯುತ್ತಿರಲಿಲ್ಲ. ನೀರಿನಲ್ಲಿ ಗೋಪುರದ ನೆರಳು ಅಲುಗುತ್ತಿತ್ತು. ಆಗ ನನಗೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಇಷ್ಟು ದಿನ ಏಕೆ ಹೊಳೆಯಲಿಲ್ಲವೋ ತಿಳಿಯದು. ಮೇಷ್ಟ್ರು ನನ್ನಿಂದ ಕೇಳಿದ್ದು ಅಭ್ಯಾಸದ ಮಾತು. ಚಿಂತಾಮಣಿ ಮುಟ್ಟುವ ಮಾತನ್ನು ಯಾರೂ ಕೇಳಿರಲಿಲ್ಲ. ಮುಟ್ಟುವುದು ಆ ದಿನದ ಬಿಸಿಲಿಗೆ, ಗಾಳಿಗೆ, ದೈವಕ್ಕೆ ಸೇರಿದ್ದು. ನಾಳೆ ಬೆಳಿಗ್ಗೆ ಎದ್ದು ಶೂ ಕಟ್ಟುವುದು ನನ್ನದು. ನನ್ನ ಕೈಯಲ್ಲಿ ಇರುವುದಕ್ಕೆ ಮಾತ್ರ ನಾನು ಸಂಕಲ್ಪ ಮಾಡಬಹುದಲ್ಲವೆ?

ಕೆಳಗಿಳಿದು ಬೊಗಸೆಯಲ್ಲಿ ನೀರು ತೆಗೆದುಕೊಂಡೆ. ದೇಶ, ಕಾಲ, ಸಂವತ್ಸರ, ಮಾಸ, ತಿಥಿ ಎಲ್ಲವನ್ನೂ ಕ್ರಮವಾಗಿ ಹೇಳುತ್ತ ಬಂದು, ಮುಖ್ಯವಾದ ಜಾಗದಲ್ಲಿ ತಡೆದು ನಿಂತೆ. ಮ್ಯಾರಥಾನಿಗೆ ಸಂಕಲ್ಪದಲ್ಲಿ ಏನೆನ್ನಬೇಕು?

“ಏನಾಯ್ತು ಅಕ್ಕ, ಮರೆತುಹೋಯ್ತಾ?”

“ಮರೆತಿಲ್ಲ. ನಮ್ಮ ಹಿರಿಯರು ಯಾರೂ ಇಂಥ ಕೆಲಸ ಮಾಡಿಲ್ಲ ನೋಡು, ಪದ ಇಟ್ಟು ಹೋಗಿಲ್ಲ.”

ಕೊನೆಗೆ ನಾನೇ ಜೋಡಿಸಿದೆ: “ದೀರ್ಘಧಾವನಾಭ್ಯಾಸಂ ಕರಿಷ್ಯೇ.” ದೀರ್ಘವಾದ ಓಟದ ಅಭ್ಯಾಸವನ್ನು ಮಾಡುತ್ತೇನೆ. ಅಭ್ಯಾಸವನ್ನು, ಅಷ್ಟೇ. ನೀರು ಬಿಟ್ಟೆ. ಗೆಳತಿಗೆ ಅರ್ಥ ಹೇಳಿದಾಗ ಆಕೆ ಎರಡು ಕೈಗಳನ್ನೂ ಮುಖಕ್ಕೆ ಸವರಿಕೊಂಡು, “ಇನ್ಶಾ ಅಲ್ಲಾ,” ಎಂದಳು. ಅವಳ ಆ ಮಾತೂ ಫಲವನ್ನು ಕೊಡುವವನ ಕೈಗೇ ಬಿಡುತ್ತದೆ. ಆಮೇಲೆ ಲೆಕ್ಕದ ಟೀಚರಲ್ಲವೆ, ಬೆಟ್ಟದ ದಾರಿಯನ್ನು ಮನಸ್ಸಿನಲ್ಲಿಯೇ ಗುಣಿಸಿ ಹೇಳಿದಳು: “ಇಂಥದ್ದೇ ಮೂರು ಸುತ್ತು ಹಾಕಿದ್ರೆ ಹೆಚ್ಚೂಕಮ್ಮಿ ಚಿಂತಾಮಣಿ ಬರ್ತದೆ ಅಕ್ಕ.”

ಅಂದಿನಿಂದ ಅಭ್ಯಾಸ ನಡೆದಿದೆ. ಏಕಾದಶಿ ಭಾನುವಾರ ಬಂದರೆ ದೂರದ ಓಟವನ್ನು ಸೋಮವಾರಕ್ಕೆ ಹಾಕುತ್ತೇವೆ. ಮೇಷ್ಟ್ರು ಈಗ ತಾವೇ ಪಂಚಾಂಗ ನೋಡಿ ಹೇಳುತ್ತಾರೆ. ಯಜಮಾನರು ಸ್ಕೂಟರಿನಲ್ಲಿ ನೀರು, ಬೆಲ್ಲ, ಬಾಳೆಹಣ್ಣು ಹೊತ್ತು ಹಿಂದೆ ಬರುತ್ತಾರೆ. ಅಷ್ಟು ನಿಧಾನವಾಗಿ ಸ್ಕೂಟರ್ ಓಡಿಸುವುದಕ್ಕೂ ಅಭ್ಯಾಸ ಬೇಕಂತೆ. ಎರಡು ಸಲ ಕಾಲು ಊರಿ ನಿಂತು, ನಮ್ಮನ್ನು ಮುಂದೆ ಬಿಟ್ಟು, ಯಾರದೋ ಅಂಗಡಿಯಲ್ಲಿ ಪೇಪರ್ ಓದಿ ಬಂದು ಸೇರುತ್ತಾರೆ.

ಕಾರ್ತಿಕದಲ್ಲಿ ಒಂದು ಭಾನುವಾರ ನಮ್ಮ ದೂರದ ಓಟ ಶಿಡ್ಲಘಟ್ಟ ಮುಟ್ಟುವಷ್ಟು ಬೆಳೆದಿತ್ತು. ಊರು ಹತ್ತಿರವಾದಂತೆ ರೇಷ್ಮೆಗೂಡು ಬೇಯಿಸುವ ವಾಸನೆ ಗಾಳಿಯಲ್ಲಿ ಬಂತು. ಗೆಳತಿಯ ಹೆಜ್ಜೆ ತನ್ನಷ್ಟಕ್ಕೆ ಚುರುಕಾಯಿತು. ರಸ್ತೆಯ ಪಕ್ಕದ ಹಸಿರು ಬಾಗಿಲ ಮುಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಶಾಲು ಹೊದ್ದ ಮುದುಕಿಯೊಬ್ಬರು ಕುಳಿತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡಿದರು. ಗೆಳತಿ ನಿಲ್ಲಲಿಲ್ಲ; ಅವರ ಎದುರಿಗೆ ನೇರವಾಗಿ, ತಲೆಯೆತ್ತಿಕೊಂಡು ಓಡಿ ದಾಟಿ, ಬೀದಿದೀಪದ ಕಂಬದವರೆಗೆ ಹೋಗಿ, ಆಮೇಲೆ ತಿರುಗಿ ಬಂದಳು. ಎದೆ ಏರಿಳಿಯುತ್ತಿತ್ತು. ನಾನು ಬಂದು ತಲುಪುವಷ್ಟರಲ್ಲಿ ಆಕೆ ತಾಯಿಯ ಕಾಲ ಬಳಿ ಮೆಟ್ಟಿಲ ಮೇಲೆ ಕುಳಿತಿದ್ದಳು.

“ನೋಡಿದ್ರಾ ಅಮ್ಮಿ?” ಎಂದು ಕೇಳಿದಳು. ನನಗೂ ತಿಳಿಯಲೆಂದು ಕನ್ನಡದಲ್ಲಿಯೇ ಕೇಳಿದಳು.

ತಾಯಿ ಮಗಳ ಬೆವರಿದ ಮುಖವನ್ನು ಶಾಲಿನ ತುದಿಯಿಂದ ಒರೆಸಿದರು. ಆಮೇಲೆ ನಿಧಾನವಾಗಿ ಹೇಳಿದರು:

“ನೋಡ್ದೆ. ಆವಾಗ್ಲೂ ಇಷ್ಟೇ ನಿಧಾನಕ್ಕೆ ಓಡಿದ್ರೆ ನಾನ್ಯಾಕೆ ಬೈತಿದ್ದೆ?”

ಮನೆಯೊಳಗಿನಿಂದ ಯಾರೋ ನಕ್ಕರು. ಸ್ಕೂಟರಿನ ಮೇಲಿದ್ದ ನಮ್ಮ ಯಜಮಾನರಂತೂ ನಗುವನ್ನು ಅಡಗಿಸಲು ಬಾಳೆಹಣ್ಣನ್ನು ಎಣಿಸತೊಡಗಿದರು. ಚಹಾ ಬಂತು. ತಾಯಿ ನನ್ನನ್ನೂ ಹತ್ತಿರಕ್ಕೆ ಕರೆದು, ಮಂಡಿ ಮುಟ್ಟಿ ನೋಡಿ, “ಎಣ್ಣೆ ಹಚ್ಚಮ್ಮ, ಬಿಸಿ ಮಾಡಿ ಹಚ್ಚು,” ಎಂದು ಬುದ್ಧಿ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಗೆಳತಿಯನ್ನು ಕೇಳಿದೆ.

“ಅಮ್ಮಿ ನೋಡಿ ಆಯ್ತಲ್ಲ. ಇನ್ನು ಮ್ಯಾರಥಾನ್ ಯಾಕೆ?”

“ಅದೆಂಗಾಗ್ತದೆ ಅಕ್ಕ? ಅಮ್ಮಿ ಏನಂದ್ರು, ನಿಧಾನ ಅಂದ್ರು. ಬೈಯಿಸ್ಕೊಳ್ಳೋವಷ್ಟು ಜೋರಾಗಿ ಒಂದ್ಸಲ ಓಡಿ ತೋರಿಸ್ಬೇಕಲ್ಲ.”

ಇನ್ನು ಕೆಲವೇ ವಾರಗಳಲ್ಲಿ ಆ ಓಟ. ಹೊತ್ತಿನೊಳಗೆ ಚಿಂತಾಮಣಿ ಸೇರುವೆವೋ, ವ್ಯಾನಿನಲ್ಲಿ ಸೇರುವೆವೋ ನನಗೆ ತಿಳಿಯದು. ಕೇಳಿದರೆ ಮೇಷ್ಟ್ರು ಕೈಯನ್ನು ತಕ್ಕಡಿಯಂತೆ ಅಲುಗಿಸುತ್ತಾರೆ. ನಾನು ಮಾಡಿದ ಸಂಕಲ್ಪ ಮಾತ್ರ ದಿನವೂ ಮುಂಜಾನೆ, ಶೂವಿನ ದಾರ ಬಿಗಿಯುವಾಗ ನಡೆಯುತ್ತಿದೆ.

ಈ ಕಾರ್ಯದಲ್ಲಿ ಕೈಜೋಡಿಸಿದ ಎಲ್ಲರಿಗೂ ಒಳ್ಳೆಯದಾಗಲಿ. ಬಿದ್ದ ಕಂಬವನ್ನು ಹೆಗಲ ಮೇಲೆ ಎತ್ತಿ ಹಿಡಿದ ಗೌರಿಬಿದನೂರಿನ ಆ ಇಬ್ಬರ ಹೆಗಲು ಎಂದೂ ನೋಯದಿರಲಿ. ಎರಡು ದಿಕ್ಕಿಗೂ ಜಾಗ ಬಿಟ್ಟುಕೊಟ್ಟ ಮೇಷ್ಟ್ರ ಶಿಷ್ಯೆಯರು ಗಾಳಿಯಂತೆ ಓಡಲಿ. ಮಜ್ಜಿಗೆಯ ಅಜ್ಜಿಯ ಕೊಳಗ ತುಂಬಿರಲಿ. ಹಸಿರು ಬಾಗಿಲ ಮುಂದಿನ ತಾಯಿಯ ಕಣ್ಣಿನ ಬೆಳಕು ಇನ್ನಷ್ಟು ಕಾಲ ಉಳಿಯಲಿ, ಮಗಳನ್ನು ಮನಸಾರೆ ಬೈಯುವ ಯೋಗ ಅವರಿಗೆ ಒದಗಲಿ. ಸ್ಕೂಟರಿನವರಿಗೆ ತಾಳ್ಮೆಯೂ ದಾರಿಯುದ್ದಕ್ಕೂ ಒಳ್ಳೆಯ ಕಾಫಿಯೂ ಸಿಗಲಿ. ಬಲಕ್ಕಿಟ್ಟು ಸುತ್ತುವವರನ್ನೂ ಎಡಕ್ಕಿಟ್ಟು ಸುತ್ತುವವರನ್ನೂ ನಡುವೆ ಇರುವವನು ಸಮನಾಗಿ ಕಾಯಲಿ. ನಮ್ಮ ಹಿಂದೆ, ನಮಗಿಂತಲೂ ನಿಧಾನವಾಗಿ, ಯಾರಾದರೂ ಬರುತ್ತಿದ್ದರೆ ಅವರು ತಲುಪುವವರೆಗೆ ಕಮಾನು ನಿಂತಿರಲಿ.